ಸದನದ ಬಾಗಿಲಲ್ಲಿ ನಿಂತವರು ಯಾರ ಮಾತು ಕೇಳಬೇಕು?

2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆಯಲ್ಲಿ ಬಿಜೆಪಿಯ 18 ಶಾಸಕರನ್ನು ಆರು ತಿಂಗಳ ಮಟ್ಟಿಗೆ ಅಮಾನತು ಮಾಡಲಾಯಿತು. ಅವರು ಸದನ ಬಿಟ್ಟು ಏಳಲಿಲ್ಲ. ಆಗ ಮಾರ್ಷಲ್‌ಗಳು ಬಂದು ಕೈಕಾಲು ಹಿಡಿದು ಎತ್ತಿಕೊಂಡು ಹೊರಗೆ ಬಿಟ್ಟರು. ಟಿವಿಯಲ್ಲಿ ಎಲ್ಲರೂ ನೋಡಿದ ದೃಶ್ಯ ಅದು.

ಅದಕ್ಕೆ ಮೂರು ತಿಂಗಳ ಹಿಂದೆ, 2024ರ ಡಿಸೆಂಬರ್ 19ರಂದು, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಇನ್ನೊಂದು ಪ್ರಕರಣ ನಡೆದಿತ್ತು. ಸಚಿವೆ ಲಕ್ಷ್ಮಿ ಹೆಬ್ಬಾಳ್ಕರ್ ಬಗ್ಗೆ ಪರಿಷತ್ತಿನಲ್ಲಿ ಅವಾಚ್ಯ ಪದ ಬಳಸಿದರು ಎಂಬ ಆರೋಪ ಸದಸ್ಯ ಸಿ.ಟಿ. ರವಿ ಅವರ ಮೇಲೆ ಬಂತು. ರವಿ ಅದನ್ನು ನಿರಾಕರಿಸಿದರು. ಸೌಧದ ಒಳಗೇ ಒಂದು ಗುಂಪು ಅವರ ಮೇಲೆ ಹಲ್ಲೆಗೆ ನುಗ್ಗಿತು. ಸಂಜೆ ಹೊತ್ತಿಗೆ ಪೊಲೀಸರು ಅವರನ್ನು ಅಲ್ಲಿಂದಲೇ ಎತ್ತಿಕೊಂಡು ಹೋದರು.

2025ರ ಆಗಸ್ಟ್ 1ರಂದು ದೆಹಲಿಯಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆ ಉಪಸಭಾಪತಿಗೆ ಪತ್ರ ಬರೆದರು. ಸದಸ್ಯರು ಪ್ರತಿಭಟಿಸುವಾಗ ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ, ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಸಿಬ್ಬಂದಿಯನ್ನು ಕರೆಸಿದ್ದು ಯಾಕೆ ಎಂಬುದು ಅವರ ಪ್ರಶ್ನೆ. ಬಂದವರು ಸದನದ ಮಾರ್ಷಲ್‌ಗಳೇ ಎಂದು ಸರ್ಕಾರದ ಕಡೆಯವರು ಹೇಳಿದರು.

ಒಂದು ಕಡೆ ಮಾರ್ಷಲ್, ಇನ್ನೊಂದು ಕಡೆ ಪೊಲೀಸ್, ಮತ್ತೊಂದು ಕಡೆ ಕೇಂದ್ರದ ಪಡೆ. ಇವರನ್ನೆಲ್ಲ ಯಾರು ನೇಮಿಸುತ್ತಾರೆ? ಸಂಬಳ ಎಲ್ಲಿಂದ? ಒಂದೇ ಹೊತ್ತಿಗೆ ಇಬ್ಬರು ಎರಡು ಥರ ಆದೇಶ ಕೊಟ್ಟರೆ ಇವರು ಯಾರದ್ದನ್ನು ಪಾಲಿಸಬೇಕು? ಓದುಗರಿಗೆ ಗೊಂದಲ ಆಗುವುದು ಸಹಜ. ಯಾಕೆಂದರೆ ವ್ಯವಸ್ಥೆಯೇ ಅಷ್ಟು ಸಲೀಸಾಗಿಲ್ಲ.

ಒಂದು ಕಟ್ಟಡ, ಮೂರು ಯಜಮಾನಿಕೆ

ವಿಧಾನಸೌಧ ಶಾಸಕಾಂಗದ ಮನೆ ಮಾತ್ರ ಆಗಿದ್ದರೆ ವಿಷಯ ಸುಲಭ ಇರುತ್ತಿತ್ತು. ಆದರೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದ ಈ ಕಟ್ಟಡದಲ್ಲಿ ಸದನವೂ ಇದೆ, ಸರ್ಕಾರವೂ ಇದೆ. ವಿಧಾನಸಭೆ ಮತ್ತು ಪರಿಷತ್ತಿನ ಸಭಾಂಗಣ, ಮುಖ್ಯಮಂತ್ರಿ ಕಚೇರಿ, ಸಚಿವರ ಕೊಠಡಿ, ಇಲಾಖೆಗಳು ಎಲ್ಲ ಒಂದೇ ಸೂರಿನಡಿ. ಒಬ್ಬರು ಪ್ರಶ್ನೋತ್ತರ ಕೇಳಲು ಬಂದರೆ, ಇನ್ನೊಬ್ಬರು ವರ್ಗಾವಣೆ ಅರ್ಜಿ ಹಿಡಿದು ಬರುತ್ತಾರೆ.

ಹಾಗಾಗಿ ಕಾವಲೂ ಹಂಚಿಹೋಗಿದೆ. ಗೇಟು, ಆವರಣ ಮತ್ತು ಸುತ್ತಲಿನ ರಸ್ತೆಗಳಲ್ಲಿ ಪೊಲೀಸರಿರುತ್ತಾರೆ. ವಿಧಾನಸೌಧದ ಭದ್ರತೆಗೆಂದೇ ಒಬ್ಬ ಡಿಸಿಪಿ ಇದ್ದಾರೆ. ಅವರು ಗೃಹ ಇಲಾಖೆಗೆ ಸೇರಿದವರು. ಕಟ್ಟಡದ ಆಡಳಿತ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಯದ್ದು, ಅಂದರೆ ನಾವು ಡಿಪಿಎಆರ್ ಅನ್ನುವ ಇಲಾಖೆಯದ್ದು. ಸಭಾಂಗಣ, ಮೊಗಸಾಲೆ (ಲಾಬಿ) ಮತ್ತು ಗ್ಯಾಲರಿ ಮಾತ್ರ ವಿಧಾನಸಭೆಯ ಸಭಾಧ್ಯಕ್ಷರ ಮತ್ತು ಪರಿಷತ್ತಿನ ಸಭಾಪತಿಗಳ ಕೈಯಲ್ಲಿವೆ. ಅಲ್ಲಿ ನಿಲ್ಲುವವರೇ ಮಾರ್ಷಲ್‌ಗಳು.

ಈ ಹಂಚಿಕೆಯ ತೊಂದರೆ ಗೊತ್ತಾಗಬೇಕಾದರೆ 2025ರ ಜೂನ್ 4 ನೆನಪಿಸಿಕೊಳ್ಳಬೇಕು. ಆರ್‌ಸಿಬಿ ತಂಡಕ್ಕೆ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಇಟ್ಟುಕೊಂಡಿದ್ದ ದಿನ. ಲಕ್ಷಾಂತರ ಅಭಿಮಾನಿಗಳು ಬರಬಹುದು, ನಮ್ಮಲ್ಲಿ ಸಿಬ್ಬಂದಿ ಕೊರತೆ ಇದೆ ಎಂದು ವಿಧಾನಸೌಧದ ಭದ್ರತೆ ನೋಡುವ ಡಿಸಿಪಿ ಅವತ್ತೇ ಡಿಪಿಎಆರ್‌ಗೆ ಬರೆದಿದ್ದರು. ಕಾರ್ಯಕ್ರಮ ನಡೆಯಿತು. 11 ಜನ ಪ್ರಾಣ ಕಳೆದುಕೊಂಡದ್ದು ಅಲ್ಲಲ್ಲ, ಒಂದು ಕಿಲೋಮೀಟರ್ ಆಸುಪಾಸಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ. ಆದರೆ ಆ ಪತ್ರ ಒಂದು ಮಾತನ್ನು ಸ್ಪಷ್ಟ ಮಾಡಿತು. ಬಾಗಿಲು ಕಾಯುವ ಅಧಿಕಾರಿ ಒಂದು ಇಲಾಖೆಯಲ್ಲಿದ್ದಾರೆ. ಬಾಗಿಲು ತೆರೆಯುವ ತೀರ್ಮಾನ ಇನ್ನೊಂದು ಕಡೆ ಆಗುತ್ತದೆ.

ಸದನಕ್ಕೆ ಸ್ವಂತ ಸಿಬ್ಬಂದಿ ಯಾಕೆ?

ಪೊಲೀಸರು ಇದ್ದೇ ಇದ್ದಾರಲ್ಲ, ಸದನಕ್ಕೆ ಬೇರೆ ಕಾವಲುಗಾರರು ಯಾಕೆ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಸಿಗಬೇಕಾದರೆ 1929ಕ್ಕೆ ಹೋಗಬೇಕು.

ಆ ವರ್ಷ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ದೆಹಲಿಯ ಕೇಂದ್ರ ಶಾಸನಸಭೆಯ ಗ್ಯಾಲರಿಯಿಂದ ಬಾಂಬ್ ಎಸೆದರು. ಪೀಠದಲ್ಲಿ ವಿಠಲಭಾಯಿ ಪಟೇಲ್ ಇದ್ದರು. ಆ ಸಭೆಗೆ ಚುನಾಯಿತರಾದ ಮೊದಲ ಭಾರತೀಯ ಅಧ್ಯಕ್ಷ ಅವರು. ಸಭೆಯೊಳಗೆ ತಮ್ಮ ಪೊಲೀಸರೇ ಇರಬೇಕು ಅನ್ನುವುದು ಬ್ರಿಟಿಷ್ ಸರ್ಕಾರದ ವಾದ. ಪಟೇಲರು ಒಪ್ಪಲಿಲ್ಲ. ಸಭೆಯ ಒಳಗಿನ ಕಾವಲು ಸಭೆಯ ಅಧ್ಯಕ್ಷರ ಕೈಯಲ್ಲೇ ಇರಬೇಕು ಎಂದು ಪಟ್ಟು ಹಿಡಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ‘ವಾಚ್ ಅಂಡ್ ವಾರ್ಡ್’ ಎಂಬ ಪ್ರತ್ಯೇಕ ಸಿಬ್ಬಂದಿ ವಿಭಾಗ ಶುರುವಾಯಿತು. 2009ರಲ್ಲಿ ಅದಕ್ಕೆ ಸಂಸತ್ ಭದ್ರತಾ ಸೇವೆ ಎಂದು ಹೆಸರಿಟ್ಟರು. ಕೇರಳದಲ್ಲಿ ಇವತ್ತಿಗೂ ಸದನದ ಕಾವಲುಗಾರರನ್ನು ವಾಚ್ ಅಂಡ್ ವಾರ್ಡ್ ಅಂತಲೇ ಕರೆಯುತ್ತಾರೆ.

ಪಟೇಲರ ತರ್ಕ ಸರಳ. ಸದನ ಇರುವುದೇ ಸರ್ಕಾರವನ್ನು ಪ್ರಶ್ನೆ ಮಾಡಲಿಕ್ಕೆ. ಪ್ರಶ್ನೆ ಮಾಡುವವರನ್ನು ಒಳಗೆ ಬಿಡುವ, ಹೊರಗೆ ಹಾಕುವ ಕೈ ಸರ್ಕಾರದ್ದೇ ಆದರೆ ಪ್ರಶ್ನೆಗೆ ಬೆಲೆ ಇರುವುದಿಲ್ಲ.

ಸ್ವಾತಂತ್ರ್ಯದ ನಂತರ ಇದೇ ವಿಚಾರ ಸಂವಿಧಾನಕ್ಕೆ ಬಂತು. ಸಂಸತ್ತಿಗೆ 98ನೇ ವಿಧಿ, ರಾಜ್ಯಗಳ ಶಾಸಕಾಂಗಕ್ಕೆ 187ನೇ ವಿಧಿ. ಪ್ರತಿ ಸದನಕ್ಕೂ ಪ್ರತ್ಯೇಕ ಸಚಿವಾಲಯ ಸಿಬ್ಬಂದಿ ಇರಬೇಕು ಎಂದು 187 ಹೇಳುತ್ತದೆ. ಎರಡು ಸದನ ಇರುವ ಕಡೆ ಕೆಲವು ಹುದ್ದೆಗಳು ಎರಡಕ್ಕೂ ಒಂದೇ ಇರಬಹುದು. ನೇಮಕ ಹೇಗೆ, ಸೇವಾ ಷರತ್ತು ಏನು ಎಂಬುದನ್ನು ಶಾಸಕಾಂಗ ಕಾನೂನು ಮಾಡಿ ಹೇಳಬಹುದು. ಕಾನೂನು ಬರುವ ತನಕ ರಾಜ್ಯಪಾಲರು ಸಭಾಧ್ಯಕ್ಷರನ್ನೋ ಸಭಾಪತಿಗಳನ್ನೋ ಕೇಳಿಕೊಂಡು ನಿಯಮ ಮಾಡಬಹುದು.

ಇಲ್ಲೊಂದು ಗಮನಿಸಬೇಕಾದ ವಿಷಯ ಇದೆ. ‘ತನಕ’ ಅಂದದ್ದು ತಾತ್ಕಾಲಿಕ ಏರ್ಪಾಡಿಗೆ. ಆದರೆ ಸಂಸತ್ತೇ ಆ ಕಾನೂನು ಮಾಡಿಲ್ಲ. ಲೋಕಸಭೆ ಸಚಿವಾಲಯ ಈಗಲೂ 1955ರ ನಿಯಮಗಳ ಮೇಲೆ ನಡೆಯುತ್ತಿದೆ. ಕಾನೂನಾದರೆ ಸದನದಲ್ಲಿ ಚರ್ಚೆ ಆಗುತ್ತದೆ, ತಿದ್ದಬೇಕಾದರೂ ಸದನಕ್ಕೇ ಬರಬೇಕು. ನಿಯಮ ಹಾಗಲ್ಲ. ಅದನ್ನು ಒಂದು ಕಚೇರಿಯೊಳಗೇ ಬದಲಿಸಬಹುದು. ಮುಂದೆ ಹೇಳುವ ಎಷ್ಟೋ ತೊಂದರೆಗಳ ಬೇರು ಇಲ್ಲೇ ಇದೆ.

ಮಾರ್ಷಲ್ ನಿಜವಾಗಿ ಏನು ಮಾಡುತ್ತಾರೆ?

ಸಿಬ್ಬಂದಿ ಅಂದರೆ ಬರೀ ಮಾರ್ಷಲ್ ಅಲ್ಲ. ಸದನದ ಮಾತನ್ನೆಲ್ಲ ಬರೆದುಕೊಳ್ಳುವ ವರದಿಗಾರರಿದ್ದಾರೆ. ಇವರು ಸರದಿ ಪ್ರಕಾರ ಬಂದು, ಕೆಲವೇ ನಿಮಿಷ ಬರೆದುಕೊಂಡು, ಎದ್ದು ಹೋಗಿ ಅಚ್ಚುಮಾಡಿಸುತ್ತಾರೆ. ಪ್ರಶ್ನೆಗಳನ್ನು ಪರಿಶೀಲಿಸುವ ಶಾಖೆ ಇದೆ. ಸಮಿತಿಗಳ ಕೆಲಸ ನೋಡುವವರು, ಗ್ರಂಥಾಲಯದವರು, ಚಾಲಕರು ಇದ್ದಾರೆ. ದಲಾಯತ್‌ಗಳಿದ್ದಾರೆ. ಸದಸ್ಯರ ಚೀಟಿಯನ್ನು ಸಚಿವರಿಗೆ, ಸಚಿವರ ಉತ್ತರವನ್ನು ಸಭಾಧ್ಯಕ್ಷರ ಮೇಜಿಗೆ ಮುಟ್ಟಿಸುವವರು ಅವರೇ. ಅವರಿಲ್ಲದೆ ಸದನ ಒಂದು ಗಂಟೆಯೂ ನಡೆಯದು. ಸುದ್ದಿಯಲ್ಲಿ ಮಾತ್ರ ಇವರ ಹೆಸರೇ ಬರುವುದಿಲ್ಲ.

ಇನ್ನು ಮಾರ್ಷಲ್. ಶಾಸಕರನ್ನು ಎತ್ತುವುದು ಅವರ ಕೆಲಸದಲ್ಲಿ ಅಪರೂಪದ ಭಾಗ. ದಿನನಿತ್ಯದ ಕೆಲಸ ಮುಖ ಗುರುತಿಸುವುದು. ವಿಧಾನಸಭೆಯಲ್ಲಿ 224 ಸದಸ್ಯರು, ಪರಿಷತ್ತಿನಲ್ಲಿ 75. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೊಂದು ಶಲ್ಯ ಹಾಕಿಕೊಂಡು ಮೊಗಸಾಲೆಯಲ್ಲಿ ಓಡಾಡುವವರೆಲ್ಲ ಶಾಸಕರಲ್ಲ. ಆಪ್ತ ಸಹಾಯಕರು, ಮಾಜಿಗಳು, ಹಿಂಬಾಲಕರು ಎಲ್ಲ ಇರುತ್ತಾರೆ. ಇವರಲ್ಲಿ ಯಾರಿಗೆ ಬಾಗಿಲು ತೆರೆಯಬೇಕು, ಯಾರನ್ನು ‘ಸ್ವಾಮಿ, ಪಾಸ್ ತೋರಿಸಿ’ ಎಂದು ನಿಲ್ಲಿಸಬೇಕು ಎಂಬುದನ್ನು ಅರೆಕ್ಷಣದಲ್ಲಿ ತೀರ್ಮಾನಿಸಬೇಕು. ಶಾಸಕರನ್ನೇ ತಡೆದರೆ ಹಕ್ಕುಚ್ಯುತಿ ಅನ್ನುತ್ತಾರೆ. ಬೇರೆಯವರನ್ನು ಬಿಟ್ಟರೆ ಭದ್ರತಾ ಲೋಪ ಅನ್ನುತ್ತಾರೆ. ಎರಡು ಕಡೆಯಿಂದಲೂ ಏಟು ಅವರಿಗೇ.

2023ರ ಜುಲೈ 7ರಂದು ಆದದ್ದು ಇದೇ. ಮುಖ್ಯಮಂತ್ರಿ ಸಿದ್ದರಾಮಯ್ಯ ಬಜೆಟ್ ಮಂಡಿಸುತ್ತಿದ್ದರು. ವರ್ಷದ ಅತಿ ಬಿಗಿ ಭದ್ರತೆಯ ದಿನಗಳಲ್ಲಿ ಅದೂ ಒಂದು. ಶಾಸಕರಲ್ಲದ ಹಿರಿಯರೊಬ್ಬರು ನೇರ ಒಳಗೆ ಬಂದು ದೇವದುರ್ಗದ ಶಾಸಕಿ ಕರೆಮ್ಮ ಅವರ ಆಸನದಲ್ಲಿ ಕುಳಿತರು. ಹತ್ತು ಹದಿನೈದು ನಿಮಿಷ ಅಲ್ಲೇ ಇದ್ದರು. ಅನುಮಾನ ಬಂದದ್ದು ಭದ್ರತಾ ಸಿಬ್ಬಂದಿಗಲ್ಲ. ಪಕ್ಕದಲ್ಲಿದ್ದ ಗುರುಮಠಕಲ್ ಶಾಸಕ ಶರಣಗೌಡ ಕಂದಕೂರ ಗಮನಿಸಿ ಸಭಾಧ್ಯಕ್ಷರಿಗೆ ಹೇಳಿದರು. ಬಾಗಿಲಲ್ಲಿ ತಾನು ಮೊಳಕಾಲ್ಮುರು ಶಾಸಕ ಎಂದು ಆ ವ್ಯಕ್ತಿ ಹೇಳಿಕೊಂಡಿದ್ದರು.

ಯಾಕೆ ಹೀಗಾಯಿತು? ತಿಂಗಳು ಲೆಕ್ಕ ಹಾಕಿ. ಮೇನಲ್ಲಿ ಚುನಾವಣೆ, ಜುಲೈ ಆರಂಭದಲ್ಲಿ ಬಜೆಟ್. ಸದನಕ್ಕೆ ಮೊದಲ ಸಲ ಬಂದವರು ಜಾಸ್ತಿ ಇದ್ದರು. ಮುಖ ಪರಿಚಯ ಆಗುವುದಕ್ಕೆ ಸಮಯವೇ ಸಿಕ್ಕಿರಲಿಲ್ಲ. ಅವತ್ತು ಲೋಹಶೋಧಕ ಯಂತ್ರ ಏನು ಮಾಡಬಹುದಿತ್ತು? ಆ ಮನುಷ್ಯನ ಬಳಿ ಆಯುಧ ಇರಲಿಲ್ಲ. ಯಂತ್ರದ ಲೆಕ್ಕದಲ್ಲಿ ಅವರು ಶುದ್ಧ. ಅವರನ್ನು ತಡೆಯಬಹುದಾಗಿದ್ದದ್ದು ಮುಖ ಗೊತ್ತಿರುವ ಒಬ್ಬ ಮಾರ್ಷಲ್ ಮಾತ್ರ. ಸದನಕ್ಕೆ ಕಾಯಂ ಸಿಬ್ಬಂದಿ ಬೇಕು, ವರ್ಷಗಟ್ಟಲೆ ಅದೇ ಬಾಗಿಲಲ್ಲಿ ನಿಂತವರು ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಹುಡುಕಬೇಕಿಲ್ಲ.

ಎತ್ತುವ ಕೆಲಸಕ್ಕೂ ತರಬೇತಿ ಬೇಕು. ಮಾರ್ಷಲ್ ಕೈಯಲ್ಲಿ ಲಾಠಿ ಇಲ್ಲ. ಎದುರಿಗಿರುವವರು ಜನಪ್ರತಿನಿಧಿ. ಇವತ್ತು ಎತ್ತಿಸಿಕೊಂಡವರು ನಾಳೆ ಮಂತ್ರಿ ಆಗಬಹುದು. ಒಬ್ಬರಿಗೂ ಗಾಯ ಆಗಬಾರದು, ಬಟ್ಟೆ ಹರಿಯಬಾರದು, ಕ್ಯಾಮೆರಾ ಎಲ್ಲ ನೋಡುತ್ತಿರುತ್ತದೆ. ಶಾಸಕಿಯರ ವಿಷಯ ಬಂದಾಗ ಮಹಿಳಾ ಮಾರ್ಷಲ್‌ಗಳೇ ಬೇಕು. ಇದು ಬೇರೆ ಠಾಣೆಯಿಂದ ನಿನ್ನೆ ಸಂಜೆ ಎರವಲು ಬಂದವರು ಮಾಡುವ ಕೆಲಸ ಅಲ್ಲ.

ಪೊಲೀಸರಿಗೇ ವಹಿಸಿದರೆ ಏನು ತಪ್ಪು?

ಈ ವಾದಕ್ಕೂ ತೂಕ ಇದೆ. ಅದನ್ನು ನ್ಯಾಯವಾಗಿ ಕೇಳಬೇಕು.

2023ರ ಡಿಸೆಂಬರ್ 13ರಂದು, 2001ರ ಸಂಸತ್ ದಾಳಿ ನಡೆದ ಅದೇ ತಾರೀಖಿನಂದು, ಇಬ್ಬರು ಯುವಕರು ಲೋಕಸಭೆಯ ಗ್ಯಾಲರಿಯಿಂದ ಕೆಳಗೆ ಜಿಗಿದು ಹಳದಿ ಹೊಗೆ ಬಿಟ್ಟರು. ಒಬ್ಬ ಮೈಸೂರಿನವನು. ಪಾಸ್ ಕೊಡಿಸಿದ್ದು ಆಗಿನ ಮೈಸೂರು–ಕೊಡಗು ಸಂಸದರ ಕಚೇರಿ. ಹೊಗೆ ಡಬ್ಬಿಗಳು ಶೂ ಒಳಗೆ ಅಡಗಿದ್ದವು. ಹಲವು ಸುತ್ತಿನ ತಪಾಸಣೆ ದಾಟಿ ಬಂದಿದ್ದವು. ಲೋಕಸಭೆ ಸಚಿವಾಲಯ ತನ್ನ 8 ಭದ್ರತಾ ಸಿಬ್ಬಂದಿಯನ್ನು ಅಮಾನತು ಮಾಡಿತು. ಅದರ ಪರಿಣಾಮವಾಗಿ 2024ರ ಮೇ 20ರಿಂದ ಸಂಸತ್ ಭವನದ ಭದ್ರತೆ ಸಿಐಎಸ್‌ಎಫ್ ಕೈಗೆ ಹೋಯಿತು. ಅಲ್ಲಿದ್ದ ಸಿಆರ್‌ಪಿಎಫ್‌ನ ಸುಮಾರು 1,400 ಜನ ವಾಪಸ್ ಹೋದರು. 3,300ಕ್ಕೂ ಹೆಚ್ಚು ಸಿಐಎಸ್‌ಎಫ್ ಸಿಬ್ಬಂದಿ ಬಂದರು.

ಇದನ್ನು ಒಪ್ಪುವವರು ಹೇಳುವುದಿಷ್ಟು. ಈ ಕಾಲದ ಅಪಾಯ ಬೇರೆ. ಬಾಂಬ್ ಪತ್ತೆ, ರಾಸಾಯನಿಕ, ಡ್ರೋನ್ ಇವೆಲ್ಲ ಒಂದು ಸಚಿವಾಲಯದ ಕೆಲವೇ ನೂರು ಸಿಬ್ಬಂದಿ ನಿಭಾಯಿಸುವ ವಿಷಯ ಅಲ್ಲ. ವಿಮಾನ ನಿಲ್ದಾಣ ಕಾಯುವ ಪಡೆಗೆ ಅದಕ್ಕೆ ಬೇಕಾದ ಅಭ್ಯಾಸ ಇದೆ. ಒಬ್ಬರೇ ಹೊಣೆಗಾರರು ಇದ್ದರೆ ತಪ್ಪು ಯಾರದು ಅಂತ ಹುಡುಕಬೇಕಿಲ್ಲ. ರಾಜ್ಯದ ಮಟ್ಟಕ್ಕೆ ಇಳಿಸಿದರೆ, ನಮ್ಮ ಮೆಟ್ರೊ ಕಾಯುವ ಕೆಎಸ್‌ಐಎಸ್‌ಎಫ್‌ನಂಥ (ಕರ್ನಾಟಕ ರಾಜ್ಯ ಕೈಗಾರಿಕಾ ಭದ್ರತಾ ಪಡೆ) ಪಡೆಗೆ ಇಡೀ ವಿಧಾನಸೌಧ ಒಪ್ಪಿಸಿಬಿಡಿ ಎಂಬ ಮಾತು ಬರುತ್ತದೆ.

ಒಪ್ಪದವರು ಖರ್ಗೆಯವರ ಪತ್ರದ ಕಡೆ ಬೆರಳು ತೋರಿಸುತ್ತಾರೆ. ಗೇಟಿನಲ್ಲಿ ಪಡೆ ಇರಲಿ, ಬಾವಿಯ ಹತ್ತಿರ ಬೇಡ. ಸಮವಸ್ತ್ರದ ಪಡೆಗೆ ಮೇಲಧಿಕಾರಿ ಗೃಹ ಸಚಿವಾಲಯ. ಗೃಹ ಸಚಿವರು ಅದೇ ಸದನದಲ್ಲಿ ಆಡಳಿತ ಪಕ್ಷದ ಮುಂದಿನ ಸಾಲಲ್ಲಿ ಕೂತಿರುತ್ತಾರೆ. ಅವರ ವಿರುದ್ಧ ಘೋಷಣೆ ಕೂಗುವವರನ್ನು ಅವರ ಇಲಾಖೆಯವರೇ ತಡೆದರೆ ಹೇಗೆ?

ಕರ್ನಾಟಕಕ್ಕೆ ಇದು ಹೊಸ ಪ್ರಶ್ನೆ ಅಲ್ಲ. 2010ರ ಅಕ್ಟೋಬರ್ 11ರಂದು ಯಡಿಯೂರಪ್ಪ ಸರ್ಕಾರದ ವಿಶ್ವಾಸಮತದ ದಿನ. ಹಿಂದಿನ ರಾತ್ರಿಯಷ್ಟೇ ಆಗಿನ ಸಭಾಧ್ಯಕ್ಷ ಕೆ.ಜಿ. ಬೋಪಯ್ಯ 16 ಶಾಸಕರನ್ನು ಅನರ್ಹಗೊಳಿಸಿದ್ದರು. ಬಾಗಿಲಲ್ಲಿ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಅನ್ನುವುದೇ ಸರ್ಕಾರದ ಅಳಿವು ಉಳಿವಿನ ಪ್ರಶ್ನೆ ಆಗಿತ್ತು. ನೂಕಾಟ ತಳ್ಳಾಟದ ನಡುವೆ ಧ್ವನಿಮತ ಮುಗಿಯಿತು. ಸದನದಲ್ಲಿ ಪೊಲೀಸರು ಕಾಣಿಸಿಕೊಂಡದ್ದು ದೊಡ್ಡ ವಿವಾದ ಆಯಿತು. ಮತ್ತೆ ಮೂರು ದಿನಕ್ಕೆ ಎರಡನೇ ಸಲ ವಿಶ್ವಾಸಮತ ಕೇಳಬೇಕಾಯಿತು. ಆ ಅನರ್ಹತೆಯನ್ನು 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬಾಗಿಲಲ್ಲಿ ನಿಂತವರು ಯಾರ ಆದೇಶ ಪಾಲಿಸುತ್ತಾರೆ ಎಂಬುದು ಎಷ್ಟು ದೊಡ್ಡ ವಿಷಯ ಅಂತ ಆ ಒಂದು ದಿನ ತೋರಿಸಿಕೊಟ್ಟಿತು.

ಬೆಳಗಾವಿ ಪ್ರಕರಣವನ್ನೂ ಇದೇ ಬೆಳಕಲ್ಲಿ ನೋಡಬೇಕು. ಅಲ್ಲಿ ಎರಡು ಪ್ರಶ್ನೆಗಳಿವೆ, ಎರಡನ್ನೂ ಬೆರೆಸಬಾರದು. ಸದನದಲ್ಲಿ ಏನು ಮಾತಾಡಿದರು ಎಂಬುದು ಸಭಾಪತಿ ಬಸವರಾಜ ಹೊರಟ್ಟಿಯವರ ವ್ಯಾಪ್ತಿಯದ್ದು ಎಂಬ ವಾದ ಒಂದು. ಸೌಧದ ಆವರಣಕ್ಕೆ ಹಲ್ಲೆ ಮಾಡುವ ಗುಂಪು ಹೇಗೆ ಬಂತು ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ಆಯಿತು. ಎರಡನೆಯದು ಶುದ್ಧ ಭದ್ರತೆಯ ಪ್ರಶ್ನೆ. ಅದನ್ನು ಕೇಳಿದವರು ಕಡಿಮೆ.

ನನಗೆ ಸರಿ ಕಾಣುವ ಗೆರೆ ಇದು. ಹೊರಗಿನ ಅಪಾಯಕ್ಕೆ ಪೊಲೀಸ್ ಇರಲಿ, ಎಷ್ಟು ಬೇಕೋ ಅಷ್ಟು ಇರಲಿ. ಮೊಗಸಾಲೆಯ ಹೊಸ್ತಿಲು ದಾಟಿದ ಮೇಲೆ ಸದನದ ಸ್ವಂತ ಸಿಬ್ಬಂದಿ ಮಾತ್ರ ಇರಬೇಕು. ಆ ಹೊಸ್ತಿಲು ಎಲ್ಲಿದೆ ಎಂಬುದನ್ನು ಬರೆದು ಗೋಡೆಗೆ ಹಾಕಬೇಕು. ಜಗಳ ಆದ ಮೇಲೆ ಹುಡುಕುವ ಹಾಗೆ ಇರಬಾರದು.

ನೇಮಕಾತಿ: ಸ್ವಾತಂತ್ರ್ಯ ಸಡಿಲವಾದಾಗ

ಸದನಕ್ಕೆ ಸ್ವಂತ ಸಿಬ್ಬಂದಿ ಬೇಕು ಎಂದು ಒಪ್ಪಿದ ಮೇಲೆ ಅವರನ್ನು ಆರಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. 187ನೇ ವಿಧಿಯ ಇನ್ನೊಂದು ಮುಖ ಕಾಣುವುದು ಇಲ್ಲೇ. ಸರ್ಕಾರದ ಹಿಡಿತ ತಪ್ಪಿಸಲು ಕೊಟ್ಟ ಸ್ವಾತಂತ್ರ್ಯ ಬೇಕಾದವರಿಗೆ ಕೆಲಸ ಕೊಡುವ ದಾರಿ ಆಗಿಬಿಡಬಹುದು. ಆಗಿದೆ ಕೂಡ.

ಉತ್ತರಾಖಂಡದಲ್ಲಿ ವಿಧಾನಸಭೆಯ ಬಲ ಕೇವಲ 70. ಅಲ್ಲಿ 2016ರಿಂದ 2021ರವರೆಗೆ ಬಹಿರಂಗ ಪರೀಕ್ಷೆ ಇಲ್ಲದೆ ಆದ 228 ನೇಮಕಗಳನ್ನು 2022ರ ಸೆಪ್ಟೆಂಬರ್‌ನಲ್ಲಿ ಸಭಾಧ್ಯಕ್ಷೆ ಋತು ಖಂಡೂರಿ ರದ್ದು ಮಾಡಿದರು. ಹಿಂದಿನ ಸಭಾಧ್ಯಕ್ಷರ ಕಾಲದ ನೇಮಕಗಳು ಅವು. ಕೆಲಸ ಕಳೆದುಕೊಂಡವರು ಕೋರ್ಟಿಗೆ ಹೋದರು. ಒಮ್ಮೆ ತಡೆ ಸಿಕ್ಕಿತು. ಆಮೇಲೆ ಹೈಕೋರ್ಟಿನ ವಿಭಾಗೀಯ ಪೀಠ ರದ್ದತಿಯನ್ನೇ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ ಕೂಡ ಅದೇ ವರ್ಷ ಮೇಲ್ಮನವಿ ತಳ್ಳಿಹಾಕಿತು. ಅವರ ಅಳಲಿನಲ್ಲೂ ಒಂದು ನಿಜ ಇತ್ತು. ಅದಕ್ಕೂ ಹಿಂದೆ ಇದೇ ದಾರಿಯಲ್ಲಿ ಬಂದವರು ಕಾಯಂ ಆಗಿದ್ದರು, ಅವರಿಗೆ ಏನೂ ಆಗಲಿಲ್ಲ. ಆರು ವರ್ಷ ದುಡಿದು ಒಂದು ಬೆಳಿಗ್ಗೆ ಬೀದಿಗೆ ಬಿದ್ದವರ ಸಂಸಾರಗಳ ಬಗ್ಗೆ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ತಪ್ಪು ಮಾಡಿದ್ದು ಆದೇಶಕ್ಕೆ ಸಹಿ ಹಾಕಿದವರು. ಅದನ್ನು ಅನುಭವಿಸಿದ್ದು ಸಿಬ್ಬಂದಿ.

ಉತ್ತರ ಪ್ರದೇಶದಲ್ಲಿ ಪರೀಕ್ಷೆ ನಡೆಯಿತು. ಆದರೆ ಅದನ್ನು ನಡೆಸಿದ್ದು ಖಾಸಗಿ ಸಂಸ್ಥೆಗಳು. 2020–21ರಲ್ಲಿ ಎರಡೂ ಸದನಗಳ 186 ಹುದ್ದೆಗೆ ಸುಮಾರು ಎರಡೂವರೆ ಲಕ್ಷ ಜನ ಅರ್ಜಿ ಹಾಕಿದ್ದರು. ಆಯ್ಕೆಯಾದವರಲ್ಲಿ ಅಧಿಕಾರಿಗಳ, ರಾಜಕಾರಣಿಗಳ ಬಂಧುಗಳು ಇದ್ದಾರೆ ಎಂಬ ಆರೋಪ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಸಿಬಿಐ ವಿಚಾರಣೆಗೆ ಹೇಳಿತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟು, 2025ರ ಅಕ್ಟೋಬರ್‌ನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಸಿಬಿಐ ಕೊನೆಯ ಅಸ್ತ್ರ ಆಗಿರಬೇಕು, ಅನುಮಾನ ಬಂದ ಕೂಡಲೇ ಕರೆಯುವಂತಿಲ್ಲ ಎಂಬುದು ಅದರ ನಿಲುವು.

ಇಲ್ಲಿ ಕಾರಣ ಮತ್ತು ಪರಿಣಾಮದ ಸರಪಳಿ ನೋಡಿ. ನೇಮಕ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಕೆಲಸ ಸಿಗದವರು ಕೋರ್ಟಿಗೆ ಹೋಗುತ್ತಾರೆ. ಕೋರ್ಟ್ ಸದನದ ಕಡತ ತರಿಸಿಕೊಳ್ಳುತ್ತದೆ. ಹೊರಗಿನವರು ಒಳಗೆ ಬರಬಾರದು ಎಂದು ಕಟ್ಟಿದ ಗೋಡೆ ಹೀಗೆ ಒಳಗಿನವರ ಕೈಯಿಂದಲೇ ಒಡೆಯುತ್ತದೆ.

ಗುತ್ತಿಗೆ ನೌಕರರ ವಿಷಯದಲ್ಲಿ ಕರ್ನಾಟಕಕ್ಕೆ ವಿಶೇಷ ನಂಟಿದೆ. ಇಡೀ ದೇಶಕ್ಕೆ ಅನ್ವಯಿಸುವ ತೀರ್ಪು ಬಂದದ್ದು ನಮ್ಮ ರಾಜ್ಯದ ಉಮಾದೇವಿ ಪ್ರಕರಣದಲ್ಲಿ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿದ್ದು ಇಷ್ಟು: ಹಿಂಬಾಗಿಲಿಂದ ಬಂದವರಿಗೆ, ಎಷ್ಟು ವರ್ಷ ದುಡಿದರೂ, ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದಾಟಿದ ಅರ್ಹರಿಗೆ ಮಾತ್ರ ಒಂದು ಸಲದ ವಿನಾಯಿತಿ ಕೊಟ್ಟಿತು. ಇದನ್ನು ಸರ್ಕಾರಗಳು ಓದಿದ ರೀತಿ ಬೇರೆ. ಕಾಯಂ ಮಾಡುವ ಗೊಡವೆಯೇ ಬೇಡ ಎಂದು ಏಜೆನ್ಸಿ ಮೂಲಕ ಹೊರಗುತ್ತಿಗೆಗೆ ತಿರುಗಿದವು.

ಕಸ ಗುಡಿಸಲು ಹೊರಗುತ್ತಿಗೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಸದನದ ಬಾಗಿಲಿಗೆ ಮಾತ್ರ ಅದು ಖಂಡಿತ ಸಲ್ಲದು. ಬಾಗಿಲಲ್ಲಿ ನಿಂತವರ ಕೆಲಸ ಮುಂದಿನ ತಿಂಗಳೂ ಇರುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ, ಪಾಸ್ ಇಲ್ಲದೆ ಹಿಂಬಾಲಕರನ್ನು ಕರೆತಂದ ಶಾಸಕರಿಗೆ ‘ಆಗಲ್ಲ ಸಾರ್’ ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಕೆಲಸ ಗಟ್ಟಿ ಇದ್ದರೆ ತಾನೇ ನಿಯಮ ಗಟ್ಟಿಯಾಗಿ ಹೇಳಲು ಆಗುವುದು.

ಹಾಗಾದರೆ ದಾರಿ ಏನು? ನೇಮಕದ ಆದೇಶ ಸಭಾಧ್ಯಕ್ಷರೇ ಹೊರಡಿಸಲಿ, ಶಿಸ್ತುಕ್ರಮವೂ ಅವರದ್ದೇ ಇರಲಿ. ಪರೀಕ್ಷೆ ಮಾತ್ರ ಹೊರಗಿನ ಸರ್ಕಾರಿ ಪ್ರಾಧಿಕಾರ ನಡೆಸಲಿ. ಸ್ವಾಯತ್ತತೆ ಇರಬೇಕಾದದ್ದು ಸಿಬ್ಬಂದಿ ಯಾರ ಆದೇಶ ಪಾಲಿಸುತ್ತಾರೆ ಎಂಬಲ್ಲಿ. ಯಾರಿಗೆ ಎಷ್ಟು ಅಂಕ ಬಂತು ಎಂಬಲ್ಲಿ ಗುಟ್ಟು ಯಾಕೆ ಬೇಕು? ಇದಕ್ಕೂ ಆಕ್ಷೇಪ ಇದೆ. ಹೊರಗಿನ ಪರೀಕ್ಷೆಯೂ ಕೆಡಬಹುದು. 2021ರ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಕೆಟ್ಟು, ಪೊಲೀಸ್ ನೇಮಕಾತಿ ವಿಭಾಗದ ಎಡಿಜಿಪಿಯೇ ಬಂಧನವಾದದ್ದನ್ನು ಕರ್ನಾಟಕ ಕಂಡಿದೆ. ಆದರೆ ಅದೇ ಪ್ರಕರಣದಲ್ಲಿ 2024ರ ಜನವರಿಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿತು. ಒಎಂಆರ್ ಹಾಳೆ, ಕೀ ಉತ್ತರ ಇದ್ದದ್ದಕ್ಕೆ ತಾನೇ ಮೋಸ ಸಿಕ್ಕಿಬಿದ್ದದ್ದು? ಪರೀಕ್ಷೆಯೇ ಇಲ್ಲದ ಕಡೆ ಮೋಸ ಹಿಡಿಯಲು ಕಾಗದವೂ ಇರುವುದಿಲ್ಲ.

ಸಲಕರಣೆ: ಏನು ಕೊಳ್ಳಬೇಕು, ಯಾರು ಲೆಕ್ಕ ಕೇಳಬೇಕು?

ಭದ್ರತೆ ಅಂದ ಕೂಡಲೇ ಖರೀದಿಯ ಮಾತು ಶುರುವಾಗುತ್ತದೆ. ಸ್ಕ್ಯಾನರ್, ಸಿಸಿಟಿವಿ, ಹೊಸ ಪಾಸ್. 2024ರ ಮುಂಗಾರು ಅಧಿವೇಶನದ ಹೊತ್ತಿಗೆ ವಿಧಾನಸಭೆಯ ಬಾಗಿಲಲ್ಲಿ ಎಐ ಕ್ಯಾಮೆರಾ ಬಂತು. ಶಾಸಕರು ಎಷ್ಟೊತ್ತಿಗೆ ಬಂದರು, ಎಷ್ಟು ಹೊತ್ತು ಕೂತರು ಎಂದು ಲೆಕ್ಕ ಇಡುವುದು ಅದರ ಕೆಲಸ. ಅದೇ ಕ್ಯಾಮೆರಾ 224 ಮುಖ ಬಿಟ್ಟು ಬೇರೆ ಮುಖ ಬಂದಾಗ ಮಾರ್ಷಲ್‌ಗೆ ಸೂಚನೆ ಕೊಡುವಂತಾದರೆ 2023ರ ಘಟನೆಗೆ ನೇರ ಉತ್ತರ ಸಿಗುತ್ತದೆ. ಸಲಕರಣೆ ಸಿಬ್ಬಂದಿಗೆ ನೆರವಾಗಬೇಕು. ಅವರ ಬದಲಿಗೆ ನಿಲ್ಲುವುದು ಅದರಿಂದ ಆಗದು. ಶೂ ತಪಾಸಣೆ ಮಾಡುವ ಯಂತ್ರ ಇದ್ದರೂ ಶೂ ಬಿಚ್ಚಿಸುವ ಮನುಷ್ಯ ಬೇಕೇ ಬೇಕು.

ಸಮವಸ್ತ್ರವೂ ಸಲಕರಣೆಯೇ. 2019ರ ನವೆಂಬರ್‌ನಲ್ಲಿ ರಾಜ್ಯಸಭೆಯ ಮಾರ್ಷಲ್‌ಗಳು ಪೇಟ ಬಿಟ್ಟು ಸೇನೆಯ ಅಧಿಕಾರಿಗಳಂಥ ಟೋಪಿ ಹಾಕಿ ಬಂದರು. ಸೇನೆಯ ಮಾಜಿ ಮುಖ್ಯಸ್ಥರೇ ಆಕ್ಷೇಪ ಎತ್ತಿದರು. ಮರುದಿನವೇ ಸಭಾಪತಿ ವೆಂಕಯ್ಯ ನಾಯ್ಡು ಮರುಪರಿಶೀಲನೆಗೆ ಹೇಳಿದರು. ಸದನದ ಸಿಬ್ಬಂದಿ ಸೈನಿಕರ ಹಾಗೆ ಕಾಣಬಾರದು ಎಂಬ ಭಾವನೆ ಎಲ್ಲ ಪಕ್ಷದಲ್ಲೂ ಇದೆ.

ಖರ್ಚಿನ ಲೆಕ್ಕ ಮಾತ್ರ ಸೂಕ್ಷ್ಮ. ಸಭಾಧ್ಯಕ್ಷರ, ಸಭಾಪತಿಗಳ ಸಂಬಳ ಸದನದ ಮತಕ್ಕೆ ಬೀಳದೆ ನೇರ ಖಜಾನೆಯಿಂದ ಹೋಗುತ್ತದೆ. ಸಿಬ್ಬಂದಿಯ ಸಂಬಳ, ಖರೀದಿ ಎಲ್ಲ ಬಜೆಟ್ಟಿನ ಬೇಡಿಕೆಯಾಗಿ ಬರುತ್ತದೆ. ಆದರೆ ಆ ಬೇಡಿಕೆಯ ಮೇಲೆ ಸದನದಲ್ಲಿ ಬಿಸಿ ಚರ್ಚೆ ಆಗುವುದು ತೀರಾ ಕಮ್ಮಿ. ಪೀಠದಲ್ಲಿ ಕೂತವರ ಖರ್ಚನ್ನು ಅವರ ಎದುರೇ ಪ್ರಶ್ನಿಸುವುದು ಸದಸ್ಯರಿಗೆ ಮುಜುಗರ. ಹಾಗಾಗಿ ಪ್ರಶ್ನೆ ಹೊರಗೆ ಏಳುತ್ತದೆ. 2025ರ ಅಕ್ಟೋಬರ್‌ನಲ್ಲಿ ಮಾಜಿ ಸಭಾಧ್ಯಕ್ಷ, ಸಂಸದ ವಿಶ್ವೇಶ್ವರ ಹೆಗಡೆ ಕಾಗೇರಿ ಸಭಾಧ್ಯಕ್ಷರ ಕಚೇರಿಯ ಖರ್ಚುಗಳ ಬಗ್ಗೆ ತನಿಖೆ ಕೇಳಿದರು. ಆಗ ಸಭಾಧ್ಯಕ್ಷರಾಗಿದ್ದ ಯು.ಟಿ. ಖಾದರ್ ಆರೋಪ ಒಪ್ಪಲಿಲ್ಲ. ಯಾರದು ಸರಿ ಎಂದು ಜನ ತೀರ್ಮಾನಿಸಬೇಕಾದರೆ ಟೆಂಡರ್ ಮತ್ತು ಬಿಲ್ ಕಣ್ಣಿಗೆ ಬೀಳಬೇಕು. ಭದ್ರತೆಯ ತಾಂತ್ರಿಕ ವಿವರ ಗುಟ್ಟಾಗಿರಲಿ, ಬೆಲೆ ಗುಟ್ಟಾಗಬೇಕಿಲ್ಲ ಅಲ್ವಾ?

ಇದ್ದ ಸಲಕರಣೆ ಕಾಪಾಡುವುದೂ ಸಿಬ್ಬಂದಿಯ ತಲೆಗೇ ಬರುತ್ತದೆ. 2015ರ ಮಾರ್ಚ್ 13ರಂದು ಕೇರಳ ವಿಧಾನಸಭೆಯಲ್ಲಿ ಬಜೆಟ್ ತಡೆಯಲು ಹೋದ ಸದಸ್ಯರು ಮೈಕು, ಕಂಪ್ಯೂಟರ್ ಒಡೆದು 2.20 ಲಕ್ಷ ರೂಪಾಯಿ ನಷ್ಟ ಮಾಡಿದ ಆರೋಪ ಇದೆ. ಕೇಸು ವಾಪಸ್ ಪಡೆಯಲು ಸರ್ಕಾರ ಹೊರಟಾಗ 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಿಡಲಿಲ್ಲ. ಸಾರ್ವಜನಿಕ ಆಸ್ತಿ ಒಡೆಯುವುದು ಶಾಸಕರ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ ಎಂದಿತು.

ಬೆಳಗಾವಿಯ ಆ ಕೆಲವು ದಿನ

ಈ ಎಲ್ಲ ತೊಂದರೆ ಒಟ್ಟಿಗೆ ಕಾಣುವುದು ಚಳಿಗಾಲದ ಅಧಿವೇಶನದಲ್ಲಿ. 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಬೆಂಗಳೂರಿನಿಂದ ಸುಮಾರು 500 ಕಿಲೋಮೀಟರ್ ದೂರ. ವರ್ಷಕ್ಕೆ ಹೆಚ್ಚೆಂದರೆ ಎರಡು ವಾರ ಅಲ್ಲಿ ಸದನ ಸೇರುತ್ತದೆ. ಆ ದಿನಗಳಿಗೆ ವರದಿಗಾರರು, ದಲಾಯತ್‌ಗಳು, ಮಾರ್ಷಲ್‌ಗಳು, ಕಡತಗಳು ಎಲ್ಲ ಬೆಂಗಳೂರಿನಿಂದ ಹೋಗಬೇಕು. ಬೇರೆ ಬೇರೆ ಜಿಲ್ಲೆಗಳಿಂದ ಸಾವಿರಾರು ಪೊಲೀಸರು ಬರುತ್ತಾರೆ. ಡಿಸೆಂಬರ್ ಚಳಿಯಲ್ಲಿ ಟೆಂಟಿನಲ್ಲಿ ಮಲಗುತ್ತಾರೆ. ಹೊರಗೆ ದಿನಕ್ಕೆ ಹತ್ತಾರು ಧರಣಿ.

ಬಳ್ಳಾರಿಯಿಂದಲೋ ಕಾರವಾರದಿಂದಲೋ ಬಂದ ಕಾನ್‌ಸ್ಟೇಬಲ್‌ಗೆ ಸುವರ್ಣಸೌಧದ ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿರುವುದಿಲ್ಲ. ಅವರದ್ದೇನು ತಪ್ಪು? ಕಟ್ಟಡದ ಪರಿಚಯ ಆಗುವ ಹೊತ್ತಿಗೆ ಅಧಿವೇಶನ ಮುಗಿದಿರುತ್ತದೆ. ಸುವರ್ಣಸೌಧಕ್ಕೆಂದೇ ಒಂದು ಸಣ್ಣ ಕಾಯಂ ತಂಡ, ವರ್ಷಪೂರ್ತಿ ಅಲ್ಲೇ ಇದ್ದು ಕಟ್ಟಡವನ್ನು ಅಂಗೈ ಗೆರೆಯಂತೆ ಬಲ್ಲ ತಂಡ ಇದ್ದರೆ, 2024ರ ಡಿಸೆಂಬರ್‌ನ ಗುಂಪನ್ನು ಮೊಗಸಾಲೆಗೆ ಬಹಳ ಮೊದಲೇ ತಡೆಯುವ ಸಾಧ್ಯತೆ ಜಾಸ್ತಿ ಇರುತ್ತಿತ್ತು.

ಮುಂದೆ ಏನಾಗಬಹುದು?

ಈಗಿರುವ ಹಾಗೇ ಬಿಟ್ಟರೆ ಪ್ರತಿ ಲೋಪದ ನಂತರವೂ ಪೊಲೀಸರ ಪಾತ್ರ ಸ್ವಲ್ಪ ಸ್ವಲ್ಪ ಒಳಕ್ಕೆ ಸರಿಯುತ್ತದೆ. ಸಂಸತ್ತಿನಲ್ಲಿ ಆದದ್ದು ಇದೇ. ಯಾರೂ ಕೂತು ಹೀಗೆ ಮಾಡೋಣ ಎಂದು ಚರ್ಚಿಸಿ ಮಾಡಿದ್ದಲ್ಲ. ಒಂದು ಹೊಗೆ ಡಬ್ಬಿ ಮಾಡಿಸಿತು.

ಜನರ ಮೇಲೂ ಪರಿಣಾಮ ಇದೆ. 2025ರ ಜೂನ್‌ನಿಂದ ವಿಧಾನಸೌಧವನ್ನು ರಜಾ ದಿನಗಳಲ್ಲಿ 50 ರೂಪಾಯಿ ಟಿಕೆಟ್ ಕೊಟ್ಟು ನೋಡಬಹುದು. ಒಳ್ಳೆ ಹೆಜ್ಜೆ ಅದು. ಮಕ್ಕಳು ಆ ಮೆಟ್ಟಿಲು ಹತ್ತಬೇಕು, ಸದನ ನೋಡಬೇಕು. ಭದ್ರತೆ ಕೈತಪ್ಪಿದಾಗ ಮೊದಲು ಮುಚ್ಚುವುದು ಇದೇ ಬಾಗಿಲು. ಲೋಕಸಭೆಯಲ್ಲಿ ಹೊಗೆ ಬಿಟ್ಟ ದಿನವೇ ಸಾರ್ವಜನಿಕರ ಪಾಸ್ ನಿಲ್ಲಿಸಿದರು.

ಇನ್ನೊಂದು ಲೆಕ್ಕ ನೇರ ಕಣ್ಣೆದುರಿಗಿದೆ. ಈಗಿನ ವಿಧಾನಸಭೆಯ ಅವಧಿ 2028ರ ಮೇನಲ್ಲಿ ಮುಗಿಯುತ್ತದೆ. ಮತ್ತೆ ಹೊಸ ಮುಖಗಳು ಬರುತ್ತವೆ. ಮತ್ತೆ ಕೆಲವೇ ವಾರಗಳಲ್ಲಿ ಅಧಿವೇಶನ ಸೇರುತ್ತದೆ. ಈಗ ಹುದ್ದೆ ಮಂಜೂರು ಮಾಡಿ, ಪರೀಕ್ಷೆ ನಡೆಸಿ, ತರಬೇತಿ ಕೊಟ್ಟರೆ ಅಷ್ಟೊತ್ತಿಗೆ ಬಾಗಿಲಲ್ಲಿ ನಿಲ್ಲುವವರು ಸಿದ್ಧ ಆಗಿರುತ್ತಾರೆ. ಇಲ್ಲದಿದ್ದರೆ ಬಿಳಿ ಅಂಗಿ ತೊಟ್ಟ ಒಬ್ಬರು ಮತ್ತೆ ಬಂದು ‘ನಾನೇ ಶಾಸಕ’ ಅನ್ನುತ್ತಾರೆ. ಆಗ ಅವರನ್ನು ನಿಲ್ಲಿಸಿ ಕೇಳಲು ಆ ಮುಖ ಗೊತ್ತಿರುವವರು ಬಾಗಿಲಲ್ಲಿ ಇರಬೇಕು.